‘ಏನೂ ನಡೆಯದ’ ಕಾದಂಬರಿಗಳು

ಕಾದಂಬರಿಯೊಂದನ್ನು ಓದಿ ಕೆಳಗಿಟ್ಟವರು ಆಡುವ ಮಾತುಗಳಲ್ಲಿ ಎರಡು ಮಾತುಗಳು ಬಹುಕಾಲದಿಂದ ಎದುರುಬದುರಾಗಿ ನಿಂತಿವೆ. ‘ಇದರಲ್ಲಿ ಏನೂ ನಡೆಯುವುದೇ ಇಲ್ಲ’ ಎಂಬುದು ಒಂದು. ‘ಎಷ್ಟು ಸೂಕ್ಷ್ಮವಾಗಿ ಬರೆದಿದ್ದಾರೆ’ ಎಂಬುದು ಮತ್ತೊಂದು. ಮೊದಲನೆಯದನ್ನು ಸಾಮಾನ್ಯ ವಾಚಕರ ಮಾತೆಂದೂ ಎರಡನೆಯದನ್ನು ಬಲ್ಲವರ ಮಾತೆಂದೂ ವಿಂಗಡಿಸಿ, ಬಲ್ಲವರ ಕಡೆ ನಿಂತು ತೀರ್ಪು ಕೊಡುವುದು ವಿಮರ್ಶೆಯ ರೂಢಿ. ಈ ರೂಢಿಯನ್ನು ನಾವು ಒಪ್ಪಲಾರೆವು. ಘಟನೆಗಳ ಅಬ್ಬರವಿಲ್ಲದೆ ಪಾತ್ರದ ಮನಸ್ಸಿನೊಳಗೇ ಸುಳಿದಾಡುವ ಕಥೆ ಕಾದಂಬರಿಗಳ ವಿಷಯದಲ್ಲಿ ಈ ಎರಡು ಪಕ್ಷದವರೂ ಎಷ್ಟೋ ಸಲ ಒಂದೇ ಸ್ಥಳದಿಂದ ಕಾಲ್ತೆಗೆದಿರುತ್ತಾರೆ. ಹೊರಟ ದಿಕ್ಕು ಮಾತ್ರ ಬೇರೆ. ಆ ಸ್ಥಳ ಯಾವುದೆಂಬುದನ್ನು ಒಂದೆರಡು ಕೃತಿಗಳ ನೆರವಿನಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲ ಪಕ್ಷದವರ ಆಕ್ಷೇಪಣೆಯನ್ನು ಹಗುರವಾಗಿ ಕಾಣತಕ್ಕದ್ದಲ್ಲ. ನಮ್ಮ ನಾಡಿನ ಕೇಳುಗನು ಕಥೆಯ ರುಚಿಯನ್ನು ಕಲಿತದ್ದು ಪುರಾಣ ಪ್ರವಚನಗಳಲ್ಲಿ, ಹರಿಕಥೆಯಲ್ಲಿ, ಬಯಲಾಟದಲ್ಲಿ. ಶ್ರಾವಣ ಮಾಸದ ಪ್ರವಚನಕ್ಕೆ ಬಂದು ಕೂರುವ ಭಕ್ತರನ್ನು ಕಂಡವರಿಗೆಲ್ಲ ಇದು ತಿಳಿದಿರುವ ಸಂಗತಿ. ಆ ದಿನದ ಕಥಾಭಾಗವು ಎಲ್ಲಿಯೋ ನಡುವೆ ನಿಂತಿದ್ದರೂ ಸತ್ಯ ಯಾರ ಪಾಲಿಗಿದೆ, ಅನ್ಯಾಯ ಯಾರಿಂದಾಗಿದೆ ಎಂಬ ಬಗೆಗೆ ಯಾರಿಗೂ ಸಂಶಯ ಉಳಿದಿರುವುದಿಲ್ಲ. ಮಂಗಳ ಹಾಡುವ ವೇಳೆಗೆ ಕೇಳಿದವನ ಮನಸ್ಸಿನ ಮೇಲಿದ್ದ ಭಾರವನ್ನು ಹೇಳಿದವನೇ ಇಳಿಸಿರುತ್ತಾನೆ. ಜನ ಹಗುರಾಗಿ ಎದ್ದು ಮನೆಗೆ ಹೋಗುತ್ತಾರೆ. ಇದು ದೊಡ್ಡ ಕಲೆ. ಶತಮಾನಗಳ ಕಾಲ ಒಂದು ನಾಡಿನ ನೀತಿಪ್ರಜ್ಞೆಯನ್ನು ಕಾಪಾಡಿದ ಕಲೆ. ಇಂತಹ ಸಂಸ್ಕಾರವುಳ್ಳ ಕೇಳುಗನ ಕೈಗೆ ಮಂಗಳವಿಲ್ಲದ ಪುಸ್ತಕವೊಂದನ್ನು ಕೊಟ್ಟರೆ ಅವನು ‘ಮುಂದೇನಾಯಿತು?’ ಎಂದು ಕೇಳುವುದು ಸಹಜವೇ ಸರಿ. ತನಗೆ ಬರಬೇಕಾದದ್ದನ್ನು ಅವನು ಕೇಳುತ್ತಿದ್ದಾನೆ.

ಕನ್ನಡದಲ್ಲಿ ಈ ವ್ಯಾಜ್ಯ ಹೊಸದಲ್ಲ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ 1961ರಲ್ಲಿ ಬಂತು. ಅಲ್ಲಿಂದ ಮುಂದೆ ಹತ್ತು ಹದಿನೈದು ವರ್ಷಗಳ ಕಾಲ ನವ್ಯ ಮಾರ್ಗದ ಕಥೆಗಾರರು ವ್ಯಕ್ತಿಯ ಅಂತರಂಗವನ್ನೇ ಕಥೆಯ ರಂಗಸ್ಥಳವನ್ನಾಗಿ ಮಾಡಿಕೊಂಡರು. ಆ ಬರಹಗಳು ಕಾಲೇಜಿನ ತರಗತಿಗಳಲ್ಲಿ ಮನ್ನಣೆ ಪಡೆದವು. ಹಳ್ಳಿಯ ವಾಚನಾಲಯಗಳಲ್ಲಿ ಅವುಗಳ ಎಲೆಗಳು ಬಿಡಿಸದೆಯೇ ಉಳಿದದ್ದೂ ಉಂಟು. ಆಕ್ಷೇಪಣೆ ಹೊರಗಿನಿಂದಷ್ಟೇ ಬರಲಿಲ್ಲ. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ತಮಗೆ ನವ್ಯದ ಹಾದಿ ಸಾಕಾಯಿತೆಂದು ಬಹಿರಂಗವಾಗಿ ಸಾರಿ ಹೊರನಡೆದರು. ಒಳಗಿದ್ದವರೇ ಬಾಗಿಲು ತೆರೆದು ಹೊರಬಂದಾಗ ಅದಕ್ಕೆ ಕಾರಣವಿರಲೇಬೇಕು.

ನಮ್ಮ ತಿಳಿವಳಿಕೆಯಲ್ಲಿ ಆ ಕಾರಣ ಇದು. ಅಂತರ್ಮುಖವಾದುದೆಲ್ಲವೂ ಒಂದೇ ಜಾತಿಯದಲ್ಲ. ಮನುಷ್ಯನು ತನ್ನೊಳಗೆ ಇಣುಕುವುದು ತನ್ನ ತಪ್ಪೊಪ್ಪುಗಳನ್ನು ಕಾಣುವುದಕ್ಕಾಗಿ ಇರಬಹುದು. ತನ್ನ ದುಃಖದ ಚೆಲುವನ್ನು ತಾನೇ ಮೆಚ್ಚಿಕೊಳ್ಳುವುದಕ್ಕಾಗಿಯೂ ಇರಬಹುದು. ಮೊದಲನೆಯದು ಆತ್ಮಶೋಧನೆ, ಎರಡನೆಯದು ಆತ್ಮರತಿ. ಎರಡೂ ಮೇಲ್ನೋಟಕ್ಕೆ ಒಂದೇ ಬಗೆಯ ಮೌನವನ್ನು, ಒಂದೇ ಬಗೆಯ ನಿಧಾನವನ್ನು ಹೊದ್ದುಕೊಂಡಿರುತ್ತವೆ. ಆ ಕಾಲದ ಎಷ್ಟೋ ಸಣ್ಣಕಥೆಗಳಲ್ಲಿ ಸಿಗರೇಟು ಹಚ್ಚಿ ಕಿಟಕಿಯ ಬಳಿ ನಿಂತ ತರುಣನೊಬ್ಬನು ತಾನು ಲೋಕಕ್ಕೆ ಹೊಂದುವುದಿಲ್ಲವೆಂದು ಕೊರಗುತ್ತಾನೆ. ಅವನಿಗೆ ಅನ್ನ ಬೇಯಿಸಿಕೊಟ್ಟವರು ಯಾರು, ಅವನ ಬಟ್ಟೆ ಒಗೆದವರು ಯಾರು ಎಂಬುದು ಅವನಿಗೂ ತಿಳಿಯದು, ಕಥೆಗಾರನಿಗೂ ತಿಳಿಯದು. ಇಂತಹುದನ್ನು ಓದಿ ಬೇಸತ್ತ ಓದುಗನು ಬುದ್ಧಿ ಸಾಲದವನೆಂದು ಹೇಳುವ ಧೈರ್ಯ ನಮಗಿಲ್ಲ. ಅದೇ ಮಾರ್ಗದಲ್ಲಿ ಬಂದ ಯಶವಂತ ಚಿತ್ತಾಲರ ‘ಶಿಕಾರಿ’ (1979) ಬೇರೆ ತೂಕದ ಕೃತಿ. ಮುಂಬಯಿಯ ಕಂಪನಿಯೊಂದರಲ್ಲಿ ಅಧಿಕಾರಿಯಾದ ನಾಗಪ್ಪನು ತನ್ನ ಮೇಲಿನ ಆರೋಪವೇನೆಂದು ತಿಳಿಯದೆಯೇ ಕೆಲಸದಿಂದ ಅಮಾನತಾಗುತ್ತಾನೆ. ಆ ಭಯದಲ್ಲಿ ಅವನು ತನ್ನ ಹಿಂದುಮುಂದನ್ನೆಲ್ಲ ಕೆದಕಿಕೊಳ್ಳುವ ಬಗೆ ಓದುವವನಿಗೂ ನೆಮ್ಮದಿ ಕೊಡುವುದಿಲ್ಲ.

ಸಾಮಾನ್ಯ ವಾಚಕರಿಗೆ ಅಂತರಂಗದ ಕಥೆಯೇ ಹಿಡಿಸದು ಎಂಬ ವಾದವೂ ನಿಲ್ಲತಕ್ಕದ್ದಲ್ಲ. 1963ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಕಾಲವಾದ ತ್ರಿವೇಣಿಯವರು ಮನಸ್ಸಿನ ರೋಗರುಜಿನಗಳನ್ನೇ ವಸ್ತುವಾಗಿಟ್ಟು ಬರೆದರು. ಅವರ ‘ಶರಪಂಜರ’ವನ್ನು ಓದಿ ಕಣ್ಣೀರಿಡದ ಮನೆ ಆಗ ವಿರಳವಾಗಿತ್ತು, 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದ ಮೇಲಂತೂ ಕಾವೇರಿಯ ಹೆಸರು ಓದುಬರಹ ಬಾರದವರಿಗೂ ತಿಳಿಯಿತು. ಅಲ್ಲಿಯೂ ಕಥೆ ನಡೆಯುವುದು ಹೆಣ್ಣೊಬ್ಬಳ ಮನಸ್ಸಿನಲ್ಲಿಯೇ. ಆದರೆ ಆಕೆಗೆ ಅನ್ಯಾಯ ಮಾಡಿದವರು ಯಾರೆಂಬುದು ನಮಗೆ ಸ್ಪಷ್ಟ. ನಾವು ಆಕೆಯ ಪಕ್ಕದಲ್ಲಿ ಕುಳಿತು ಅಳಬಹುದು. ಅಳುವ ಹಕ್ಕು ನಮಗುಂಟೆಂದು ಕಾದಂಬರಿ ಮೊದಲೇ ಒಪ್ಪಿಬಿಟ್ಟಿದೆ.

ಹೀಗಿರಲು ಓದುಗರು ಒಡೆದು ನಿಲ್ಲುವುದು ಕಥೆ ಹೊರಗೆ ನಡೆಯಿತೇ ಒಳಗೆ ನಡೆಯಿತೇ ಎಂಬುದರ ಮೇಲಲ್ಲ. ತೀರ್ಪು ಕೊಡುವವರು ಯಾರು ಎಂಬುದರ ಮೇಲೆ.

ತೀರ್ಪನ್ನು ಓದುಗನ ತಲೆಗೇ ಹೊರಿಸುವ ಕೃತಿಗಳಲ್ಲಿ ಈಚಿನ ವರ್ಷಗಳಲ್ಲಿ ಬಹಳ ಚರ್ಚೆಗೆ ಬಂದದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಪ್ರಕಟವಾದ ಈ ಕಿರುಕಾದಂಬರಿ ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದ ಮೂಲಕ ದೂರದ ದೇಶಗಳಲ್ಲಿಯೂ ಓದುಗರನ್ನು ಸಂಪಾದಿಸಿತು. ಕನ್ನಡದ ಗದ್ಯಕೃತಿಯೊಂದಕ್ಕೆ ಇಂತಹ ಯೋಗ ಒದಗುವುದು ಅಪರೂಪ. ಮೆಚ್ಚಿದವರು ಅನೇಕರು. ‘ಇದೇನು, ಕೊನೆಯೇ ಇಲ್ಲವಲ್ಲ’ ಎಂದು ಕೈಚೆಲ್ಲಿದವರೂ ಕಡಮೆಯಿಲ್ಲ.

ಕಥೆ ಬೆಂಗಳೂರಿನದು. ತಂದೆ ಚಹಾ ಕಂಪನಿಯ ಮಾರಾಟಗಾರ. ಪುಟ್ಟ ಮನೆ, ಸಾಲಾಗಿ ಸಣ್ಣ ಕೋಣೆಗಳು, ಎಲ್ಲೆಲ್ಲೂ ಇರುವೆ. ತಂದೆಯ ಕೆಲಸ ಹೋದ ಮೇಲೆ ಚಿಕ್ಕಪ್ಪನು ಮಸಾಲೆ ಪದಾರ್ಥಗಳ ವ್ಯಾಪಾರ ಆರಂಭಿಸುತ್ತಾನೆ. ಕೇರಳದಿಂದ ಸಗಟಾಗಿ ತರಿಸಿ, ಸಣ್ಣ ಪೊಟ್ಟಣ ಕಟ್ಟಿ ಮಾರುವ ವ್ಯಾಪಾರ. ನೋಡನೋಡುತ್ತಿದ್ದಂತೆ ಹಣ ಬರುತ್ತದೆ, ಹೊಸ ಮನೆಯಾಗುತ್ತದೆ. ಕಥೆ ಹೇಳುವ ಮಗನಿಗೆ ಹೆಸರಿಲ್ಲ. ಅವನು ಕಂಪನಿಗೆ ಡೈರೆಕ್ಟರು, ಕೆಲಸವಿಲ್ಲ, ಸಂಬಳವಿದೆ. ದಿನವೂ ಕಾಫಿ ಹೌಸಿಗೆ ಹೋಗಿ ಕೂರುತ್ತಾನೆ. ವಿನ್ಸೆಂಟ್ ಎಂಬ ಮಾಣಿ ಆಡುವ ಚುಟುಕು ಮಾತುಗಳಲ್ಲಿ ತನ್ನ ಬಾಳಿನ ಅರ್ಥವನ್ನು ಹುಡುಕುತ್ತಾನೆ. ಅನಿತ ಎಂಬ ಹೆಣ್ಣುಮಗಳು ಮದುವೆಯಾಗಿ ಆ ಮನೆಗೆ ಬರುತ್ತಾಳೆ. ಪುಸ್ತಕದ ಹೆಸರು ಆಕೆಯ ತವರಿನ ಒಂದು ಮನೆಮಾತು: ಬಿಡಿಸಲಾಗದಂತೆ ಗಂಟುಬಿದ್ದದ್ದಕ್ಕೆ ಅವರಲ್ಲಿ ಹಾಗೆನ್ನುತ್ತಾರೆ. ಗಂಡ ದುಡಿಯುತ್ತಿಲ್ಲವೆಂಬುದೂ ಮನೆಯವರೆಲ್ಲ ಚಿಕ್ಕಪ್ಪನ ಸುತ್ತ ಉಪಗ್ರಹಗಳಂತೆ ಸುತ್ತುತ್ತಿರುವರೆಂಬುದೂ ಹೊರಗಿನಿಂದ ಬಂದವಳ ಕಣ್ಣಿಗೆ ಕಾಣುತ್ತದೆ. ಅವಳು ಅದನ್ನು ಬಾಯಿಬಿಟ್ಟು ಹೇಳುತ್ತಾಳೆ. ಕಡೆಗೆ, ತವರಿಗೆ ಹೋದ ಅವಳಿಂದ ಸುದ್ದಿಯಿಲ್ಲದೆ ಗಂಡನು ಕಾಫಿ ಹೌಸಿನಲ್ಲಿ ಕುಳಿತಿರುತ್ತಾನೆ. ಅವನ ಕೈಗೆ ರಕ್ತ ಹತ್ತಿದೆಯೆಂಬುದು ಬೇರೊಬ್ಬರು ಹೇಳಿದ ಮೇಲೆ ತಿಳಿಯುತ್ತದೆ. ಅಷ್ಟಕ್ಕೆ ಕಥೆ ನಿಂತುಹೋಗುತ್ತದೆ.

ಈ ಪುಸ್ತಕವನ್ನು ನಮ್ಮ ಹಳೆಯ ವಿದ್ಯಾರ್ಥಿಗಳ ಓದುಕೂಟದಲ್ಲಿ ಎತ್ತಿಕೊಂಡಾಗ ಸಭೆ ಒಡೆದು ಎರಡಾಯಿತು. ಕಾಲೇಜಿನಲ್ಲಿ ಕನ್ನಡ ಬೋಧಿಸಿ ನಿವೃತ್ತರಾದ ಪ್ರಾಧ್ಯಾಪಕರೊಬ್ಬರು ಕೃತಿಯ ಮಿತವಾದ ಮಾತು, ಹೇಳದೆ ಬಿಟ್ಟುದರ ಧ್ವನಿ, ಇರುವೆಗಳ ಪ್ರತಿಮೆ ಇವುಗಳನ್ನು ಕುರಿತು ಅರ್ಧ ಗಂಟೆ ಸೊಗಸಾಗಿ ಮಾತನಾಡಿದರು. ಅವರ ಮಾತಿನಲ್ಲಿ ಪಾಂಡಿತ್ಯವಿತ್ತು, ರಸಜ್ಞತೆಯೂ ಇತ್ತು. ತಿಪಟೂರಿನ ಕಡೆಯಿಂದ ಬಂದಿದ್ದ ಕೊಬ್ಬರಿ ಮಂಡಿಯ ವರ್ತಕರೊಬ್ಬರು ತಾಳ್ಮೆಯಿಂದ ಕೇಳಿ, ಕೊನೆಗೆ ಎದ್ದು ನಿಂತು, ‘ಬುದ್ಧೀ, ಅಷ್ಟೂ ಪುಟ ತಿರುವಿದ್ದಾಯ್ತು, ಒಂದು ಸಂಗತೀನೂ ನಡೀಲಿಲ್ಲ. ಆ ಹುಡುಗಿ ಏನಾದ್ಲು ಅಂತಲಾದ್ರೂ ಹೇಳಬಾರದಿತ್ತೇ?’ ಎಂದರು. ಸಭೆಯಲ್ಲಿ ನಗೆಯೆದ್ದಿತು. ಪ್ರಾಧ್ಯಾಪಕರೂ ಮುಗುಳ್ನಕ್ಕರು.

ವರ್ತಕರು ಕೂರಲಿಲ್ಲ. ‘ಅದಿರಲಿ, ಬಾಗಿಲಿಗೆ ಬಂದ ಆ ಹೆಣ್ಣುಮಗಳ ವಿಷಯಕ್ಕೇ ಬನ್ನಿ. ಕೈಯಾರೆ ಅಡುಗೆ ಮಾಡಿ ತಂದವಳನ್ನ ಹಂಗೆ ಬೀದೀಲಿ ಬೈದು ಅಟ್ಟೋದಾ? ಬಾಗಿಲಿಗೆ ಬಂದೋರಿಗೆ ಒಂದು ಲೋಟ ನೀರು ಅನ್ನೋದು ಬೇಡವಾ? ಗಂಡಸರು ಒಳಗೆ ಕೂತು ಕೇಳ್ತಾ ಇದ್ರಲ್ಲ’ ಎಂದು ಸಿಟ್ಟಿನಿಂದ ಕೇಳಿದರು.

ಅವರು ಹೇಳಿದ್ದು ಕಾದಂಬರಿಯ ಮೊದಲ ಭಾಗದಲ್ಲಿಯೇ ಬರುವ ಒಂದು ಪ್ರಸಂಗ. ಚಿಕ್ಕಪ್ಪನನ್ನು ಕಾಣಬೇಕೆಂದು ಅಪರಿಚಿತಳಾದ ಹೆಂಗಸೊಬ್ಬಳು ಮನೆಯ ಬಾಗಿಲಿಗೆ ಬರುತ್ತಾಳೆ. ಅವನಿಗೆ ಇಷ್ಟವೆಂದು ತನ್ನ ಕೈಯಾರೆ ಮಾಡಿದ ಬೇಳೆಯ ಅಡುಗೆ ತಂದಿರುತ್ತಾಳೆ. ಮನೆಯ ಹೆಂಗಸರು, ಎಂದರೆ ಕಥನಕಾರನ ತಾಯಿ ಮತ್ತು ಅಕ್ಕ, ಅವಳನ್ನು ಹೀನಾಯವಾಗಿ ಬೈದು ಓಡಿಸುತ್ತಾರೆ. ತಂದದ್ದು ಬೀದಿಪಾಲಾಗುತ್ತದೆ. ಆಕೆ ಯಾರು, ಚಿಕ್ಕಪ್ಪನಿಗೂ ಆಕೆಗೂ ಏನು ಸಂಬಂಧ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಮನೆಯ ಅನ್ನದ ಮೂಲಕ್ಕೇ ಕೈಹಾಕಿದಂತಾಗುತ್ತದೆ. ಕಥೆ ಹೇಳುವವನು ಎಲ್ಲವನ್ನೂ ನೋಡುತ್ತಾನೆ, ಸೂಕ್ಷ್ಮವಾಗಿ ನೋಡುತ್ತಾನೆ, ಆ ಅಡುಗೆಯ ಪರಿಮಳವನ್ನೂ ಗುರುತಿಸುತ್ತಾನೆ. ಹೆಜ್ಜೆ ಮಾತ್ರ ಮುಂದಿಡುವುದಿಲ್ಲ.

ಏನೂ ನಡೆಯಲಿಲ್ಲವೆಂದು ದೂರಿದ ವರ್ತಕರು ನಡೆದುದನ್ನು ಕಂಡಿದ್ದರು. ಅದನ್ನು ಘಟನೆಯೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ; ಕೊಲೆಯೋ ಪತ್ತೆಯೋ ಆದರೆ ಮಾತ್ರ ಅದು ಘಟನೆಯೆಂಬುದು ಅವರ ಅಭ್ಯಾಸ. ಪ್ರಾಧ್ಯಾಪಕರ ಅರ್ಧ ಗಂಟೆಯ ವ್ಯಾಖ್ಯಾನದಲ್ಲಿ ಆ ಹೆಂಗಸಿನ ಹೆಸರೂ ಬರಲಿಲ್ಲ. ಬೀದಿಯಲ್ಲಿ ಚೆಲ್ಲಿದ ಅಡುಗೆಯು ಅವರಿಗೆ ಪ್ರತಿಮೆಗಳ ಪಟ್ಟಿಯಲ್ಲಿ ಒಂದಾಗಿ ಬಂದು ಹೋಯಿತು. ನಮ್ಮ ಅಭಿಪ್ರಾಯದಲ್ಲಿ ಆ ದಿನ ಕೃತಿಗೆ ಹೆಚ್ಚು ಹತ್ತಿರವಿದ್ದವರು ಅದನ್ನು ಮೆಚ್ಚದಿದ್ದವರೇ. ಈ ಮಾತನ್ನು ಸಭೆಯಲ್ಲಿಯೇ ಹೇಳಿದೆವು. ಪ್ರಾಧ್ಯಾಪಕರು ದೊಡ್ಡ ಮನಸ್ಸಿನಿಂದ ಕೇಳಿಕೊಂಡರು, ಒಪ್ಪಿದರೆಂದು ಹೇಳಲಾರೆವು.

ಸೂಕ್ಷ್ಮತೆಯ ಹೊಗಳಿಕೆಯಲ್ಲಿ ಒಂದು ಅಪಾಯವಿದೆ. ಈ ಕಾದಂಬರಿಯ ಕಥನಕಾರನಿಗಿಂತ ಸೂಕ್ಷ್ಮವಾದ ಮನುಷ್ಯ ಆ ಮನೆಯಲ್ಲಿ ಮತ್ತೊಬ್ಬನಿಲ್ಲ. ಪ್ರತಿಯೊಬ್ಬರ ದನಿಯ ಏರಿಳಿತ, ಯಾವ ಮಾತು ಯಾರನ್ನು ಉದ್ದೇಶಿಸಿ ಬಂತು, ಚಿಕ್ಕಪ್ಪನು ತಿಂಡಿಗೆ ಬಂದರೆ ಮನೆಯ ಗಾಳಿ ಹೇಗೆ ಬದಲಾಗುತ್ತದೆ, ಎಲ್ಲವೂ ಅವನಿಗೆ ಗೊತ್ತು. ಆ ಸೂಕ್ಷ್ಮತೆಯೇ ಅವನ ಹೇಡಿತನಕ್ಕೆ ಹೊದಿಕೆಯಾಗಿದೆ. ಓದುಗನೂ ಅದೇ ಹೊದಿಕೆಯೊಳಗೆ ಬೆಚ್ಚಗೆ ಸೇರಿಕೊಂಡು ‘ಆಹಾ’ ಎನ್ನುವುದಾದರೆ ಲೇಖಕರು ಬೀಸಿದ ಬಲೆಗೆ ಬಿದ್ದಂತೆಯೇ ಸರಿ. ಹಣ ಬಂದ ಮೇಲೆ ಮನೆ ಹೇಗೆ ಬದಲಾಯಿತೆಂಬುದನ್ನು ಆ ಮನೆಯವನ ಬಾಯಿಂದಲೇ, ಅವನಿಗೆ ಅರಿವಿಲ್ಲದಂತೆ, ಹೇಳಿಸಿರುವುದರಲ್ಲಿ ಶಾನಭಾಗರ ಸಾಮರ್ಥ್ಯವಿದೆ. ಬಡತನದಲ್ಲಿ ಇರುವೆ ಕೊಲ್ಲುತ್ತಿದ್ದ ಕೈಗಳು ಸಿರಿತನದಲ್ಲಿ ಯಾವುದಕ್ಕೆ ಅಣಿಯಾಗಿವೆ ಎಂಬುದನ್ನು ಅವರು ಎಲ್ಲಿಯೂ ಎತ್ತಿ ಹೇಳುವುದಿಲ್ಲ. ಊಟ ತಿಂಡಿಯ ಹರಟೆಯಲ್ಲಿ, ನಗುನಗುತ್ತ ಆಡಿದ ಮಾತುಗಳ ನಡುವೆ ಅದು ಹೊರಬೀಳುತ್ತದೆ.

ಇಲ್ಲಿ ಮಠದ ಅನುಭವದ ಒಂದು ಮಾತನ್ನು ಸೇರಿಸಬೇಕು. ನಮ್ಮಲ್ಲಿಗೆ ಪೂಜೆ ಪ್ರಸಾದಗಳಿಗೆ ಬರುವಂತೆಯೇ ಮನೆತನದ ವ್ಯಾಜ್ಯಗಳನ್ನು ಹೊತ್ತುಕೊಂಡೂ ಜನ ಬರುತ್ತಾರೆ. ಪಾಲುಪಾರಿಕತ್ತು, ಅಣ್ಣತಮ್ಮಂದಿರ ಮನಸ್ತಾಪ, ಹೆಚ್ಚಾಗಿ ಸೊಸೆಯಂದಿರ ಸಂಕಟ. ಎರಡೂ ಕಡೆಯವರನ್ನು ಕೂರಿಸಿ ಕೇಳುವಾಗ ಬೈದವರು, ಹೊಡೆದವರು ಏನಾದರೊಂದು ಸಮರ್ಥನೆ ಹೇಳುತ್ತಾರೆ. ಗೋಡೆಗೆ ಒರಗಿ ತಲೆ ತಗ್ಗಿಸಿ ಕುಳಿತ ಒಬ್ಬರಿರುತ್ತಾರೆ. ಹೆಚ್ಚು ಪಾಲು ಆ ಹೆಣ್ಣುಮಗಳ ಗಂಡ, ಕೆಲವು ಸಲ ಮಾವ. ಅವರನ್ನು ಕೇಳಿದರೆ ಬರುವ ಉತ್ತರ ಯಾವಾಗಲೂ ಒಂದೇ: ‘ನಾನೇನೂ ಮಾಡಲಿಲ್ಲ, ಬುದ್ಧೀ.’ ಅದು ಸುಳ್ಳಲ್ಲ. ಅವರು ನಿಜವಾಗಿಯೂ ಏನನ್ನೂ ಮಾಡಿರುವುದಿಲ್ಲ. ಅದನ್ನು ಕೇಳುತ್ತ ಎದುರಿಗೆ ಕುಳಿತ ಹೆಣ್ಣಿನ ಮುಖವನ್ನು ನೋಡಿದರೆ ಮಾತ್ರ ಏನು ನಡೆದಿದೆ ಎಂಬುದು ತಿಳಿಯುತ್ತದೆ. ‘ಘಾಚರ್ ಘೋಚರ್’ ಓದಿದ ಮೇಲೆ ನಮಗೆ ತೋರಿದ್ದು ಇದು: ‘ಈ ಕಥೆಯಲ್ಲಿ ಏನೂ ನಡೆಯುವುದಿಲ್ಲ’ ಎಂಬ ಓದುಗನ ಮಾತೂ ‘ನಾನೇನೂ ಮಾಡಲಿಲ್ಲ’ ಎಂಬ ಆ ಗಂಡನ ಮಾತೂ ಒಂದೇ ಕಣ್ಣಿನಿಂದ ಲೋಕವನ್ನು ನೋಡುತ್ತವೆ. ಸುಮ್ಮನಿರುವುದು ಆ ಕಣ್ಣಿಗೆ ಕ್ರಿಯೆಯಾಗಿ ಕಾಣುವುದಿಲ್ಲ. ಮೌನವಾದ ಕಾದಂಬರಿಗಳಲ್ಲಿ ಒಳ್ಳೆಯವು ಈ ಕಣ್ಣಿಗೇ ಚಿಕಿತ್ಸೆ ಮಾಡಲು ಹೊರಟಿರುತ್ತವೆ. ಚಿಕಿತ್ಸೆ ಹಿತವಾಗಿರಬೇಕೆಂದು ರೋಗಿ ಬಯಸುವುದು ಸ್ವಾಭಾವಿಕ.

ಇದು ಕನ್ನಡದ ಓದುಗರಿಗಷ್ಟೇ ಒದಗಿದ ತೊಡಕಲ್ಲ. ಅಮೆರಿಕದ ಜಾನ್ ವಿಲಿಯಮ್ಸ್ ಎಂಬ ಲೇಖಕರ ‘ಸ್ಟೋನರ್’ 1965ರಲ್ಲಿ ಪ್ರಕಟವಾದಾಗ ಎರಡು ಸಾವಿರದಷ್ಟು ಪ್ರತಿಗಳು ಮಾತ್ರ ಮಾರಾಟವಾಗಿ, ಬೇಗನೆ ಮರೆಗೆ ಸರಿಯಿತು. ಈ ಶತಮಾನದ ಮೊದಲ ದಶಕದಲ್ಲಿ ಮರುಮುದ್ರಣಗೊಂಡು, 2011ರಲ್ಲಿ ಫ್ರೆಂಚ್ ಭಾಷೆಗೆ ಅನುವಾದವಾದ ಬಳಿಕ ಯುರೋಪಿನ ಅನೇಕ ದೇಶಗಳಲ್ಲಿ ಲಕ್ಷಾಂತರ ಜನ ಅದನ್ನು ಕೊಂಡು ಓದಿದರು. ಲೇಖಕರು ಅಷ್ಟರೊಳಗೆ, 1994ರಲ್ಲಿಯೇ, ತೀರಿಕೊಂಡಿದ್ದರು. ಮಿಸೌರಿ ಪ್ರಾಂತದ ಬಡ ರೈತನ ಮಗ ಬೇಸಾಯಶಾಸ್ತ್ರ ಕಲಿಯಲೆಂದು ವಿಶ್ವವಿದ್ಯಾನಿಲಯಕ್ಕೆ ಬರುತ್ತಾನೆ. ತರಗತಿಯಲ್ಲಿ ಗುರುಗಳು ಷೇಕ್ಸ್‌ಪಿಯರನ ಒಂದು ಸಾನೆಟ್ಟಿನ ಅರ್ಥವೇನೆಂದು ಕೇಳಿದಾಗ ಉತ್ತರಿಸಲಾಗದೆ ನಿಲ್ಲುತ್ತಾನೆ. ಆ ಗಳಿಗೆಯಿಂದ ಅವನ ಬಾಳಿನ ದಾರಿ ಬದಲಾಗಿ ಸಾಹಿತ್ಯದ ಅಧ್ಯಾಪಕನಾಗುತ್ತಾನೆ. ಸುಖವಿಲ್ಲದ ದಾಂಪತ್ಯ, ಸಹೋದ್ಯೋಗಿಯ ದ್ವೇಷ, ಸಿಕ್ಕಿ ಕೈತಪ್ಪಿದ ಪ್ರೀತಿ, ನಂತರ ರೋಗ ಮತ್ತು ಮರಣ. ಇಷ್ಟೇ ಕಥೆ.

ಮಠದ ವಿದ್ಯಾರ್ಥಿ ನಿಲಯದಲ್ಲಿದ್ದು ಓದಿ ಮುಂದೆ ಬಂದ ರೈತರ ಮಕ್ಕಳಿಗೆ ಈ ಪುಸ್ತಕದ ಮೊದಲ ನಾಲ್ವತ್ತು ಪುಟಗಳನ್ನು ಓದಲು ನಾವು ಹೇಳುವುದುಂಟು. ಓದಿದ ಮಗ ತನ್ನ ತಂದೆತಾಯಿಗಳ ಮುಂದೆ ನಿಂತು, ತಾನಿನ್ನು ಹೊಲಕ್ಕೆ ಮರಳುವುದಿಲ್ಲವೆಂದು ಹೇಳುವ ಪ್ರಸಂಗವನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಮುಂದಿನ ಭಾಗದಲ್ಲಿಯೇ ಓದುಗರು ಬೇರೆಬೇರೆಯಾಗುವುದು. ಸ್ಟೋನರ್ ಸಂತನಂತಹ ಸಹನಶೀಲನೆಂದು ಕೆಲವರು, ಬೆನ್ನೆಲುಬಿಲ್ಲದವನೆಂದು ಕೆಲವರು. ಲೇಖಕರೇ ಅವನನ್ನು ನಿಜವಾದ ನಾಯಕನೆಂದೂ ಒಳ್ಳೆಯ ಬಾಳನ್ನೇ ಬಾಳಿದನೆಂದೂ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಕಾಯಕದಲ್ಲಿ ತೋರಿದ ನಿಷ್ಠೆಯ ಮಟ್ಟಿಗೆ ಈ ಮಾತನ್ನು ನಾವೂ ಒಪ್ಪುತ್ತೇವೆ. ಪಾಠ ಹೇಳುವುದನ್ನು ಅವನಷ್ಟು ಶುದ್ಧವಾಗಿ ಪ್ರೀತಿಸಿದ ಪಾತ್ರ ಮತ್ತೊಂದು ನಮಗೆ ನೆನಪಾಗದು. ಅವನ ಮಗಳು ಗ್ರೇಸಳ ವಿಷಯಕ್ಕೆ ಬಂದಾಗ ಲೇಖಕರ ಮಾತಿಗೆ ತಲೆದೂಗುವುದು ಕಷ್ಟ. ಎಳೆಯ ಮಗುವಾಗಿದ್ದಾಗ ತಂದೆಯ ಓದುಕೋಣೆಯಲ್ಲಿ ನೆಮ್ಮದಿಯಾಗಿದ್ದ ಆ ಹುಡುಗಿಯನ್ನು ತಾಯಿ ಅವನಿಂದ ಬಿಡಿಸಿ, ತನಗೆ ಬೇಕಾದಂತೆ ತಿದ್ದಿ, ಕೆಡಿಸುತ್ತಾಳೆ. ಅವನು ನೋಡುತ್ತಾನೆ, ತಡೆಯುವುದಿಲ್ಲ. ಮುಂದೆ ಅವಳು ಮದ್ಯದ ದಾಸಿಯಾದಾಗ ಅವನು ಅವಳನ್ನು ಕರುಣೆಯಿಂದ ಕಾಣುತ್ತಾನೆ. ಕರುಣೆ ಒಳ್ಳೆಯದೇ, ಅದು ಇಪ್ಪತ್ತು ವರ್ಷ ತಡವಾಗಿ ಬಂತು. ಲೇಖಕರು ಪಾತ್ರಕ್ಕೆ ಕೊಟ್ಟ ಪ್ರಮಾಣಪತ್ರಕ್ಕಿಂತ ಅವರು ಬರೆದ ಪುಟಗಳೇ ಹೆಚ್ಚು ನಿಷ್ಠುರವಾಗಿವೆಯೆಂಬುದು ಆ ಕೃತಿಯ ಹಿರಿಮೆ.

ಅಂತರ್ಮುಖ ಬರಹವು ಹೊರಗಿನ ಜನರ ಋಣವನ್ನು ಮರೆಯದೆ ಇರಬಹುದೆಂಬುದಕ್ಕೆ ಕನ್ನಡದಲ್ಲಿ ಶಿವರಾಮ ಕಾರಂತರ ‘ಅಳಿದ ಮೇಲೆ’ (1960) ಇದೆ. ರೈಲು ಪ್ರಯಾಣದಲ್ಲಿ ಪರಿಚಿತನಾದ ಯಶವಂತರಾಯನು ಮುಂಬಯಿಯಲ್ಲಿ ತೀರಿಕೊಂಡ ಮೇಲೆ ಅವನು ಬಿಟ್ಟುಹೋದ ಹಣವೂ ದಿನಚರಿಗಳೂ ಕಥೆ ಹೇಳುವವರ ಪಾಲಿಗೆ ಬರುತ್ತವೆ. ಅವನು ಯಾರುಯಾರಿಗೆ ಹಣ ಕಳಿಸುತ್ತಿದ್ದನೋ ಅವರನ್ನು ಹುಡುಕಿಕೊಂಡು ಅವರು ಊರೂರು ತಿರುಗುತ್ತಾರೆ. ಸತ್ತವನ ಲೆಕ್ಕದ ಪುಸ್ತಕವನ್ನು ಬದುಕಿದ್ದವನು ಮುಗಿಸುವ ಕಥೆ ಅದು. ಓಟವಿಲ್ಲ, ರಹಸ್ಯಭೇದನವಿಲ್ಲ. ಆದರೂ ನಮ್ಮ ಮಂಡಿಯ ವರ್ತಕರು ಅದನ್ನು ಎರಡು ಸಲ ಓದಿದ್ದಾರೆ. ಸಾಲ ತೀರಿಸುವುದು ಅವರ ದೃಷ್ಟಿಯಲ್ಲಿ ಘಟನೆಯೇ. ಓದುಗನ ವೃತ್ತಿ ಅವನಿಗೆ ಕೊಟ್ಟ ಕಣ್ಣುಗಳನ್ನು ವಿಮರ್ಶಕರು ಇಷ್ಟು ತಾತ್ಸಾರ ಮಾಡಬಾರದು. ‘ಘಾಚರ್ ಘೋಚರ್’ ಕುಟುಂಬದಲ್ಲಿ ಬಂಡವಾಳ ಯಾರದು, ದುಡಿಮೆ ಯಾರದು, ಪಾಲು ಯಾರಿಗೆ ಎಂಬ ಪ್ರಶ್ನೆಯನ್ನು ಆ ಕೂಟದಲ್ಲಿ ಮೊದಲು ಎತ್ತಿದವರೂ ಅವರೇ. ತಂದೆಯ ಪಾಲಿನ ಉಯಿಲಿನ ಬಗೆಗೆ ಮನೆಯವರಿಗಿರುವ ಅಂಜಿಕೆಯು ಕಥೆಯಲ್ಲಿ ಎಷ್ಟು ದೊಡ್ಡ ಸಂಗತಿಯೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಿಯೇ ಇರಲಿಲ್ಲ.

ಶಾನಭಾಗರ ಕೃತಿಯ ಬಗೆಗೆ ನಮ್ಮದೊಂದು ಆಕ್ಷೇಪಣೆಯೂ ಉಂಟು. ಕಥೆ ಪೂರ್ತಿಯಾಗಿ ಗಂಡನ ಬಾಯಿಂದಲೇ ಬರುವುದರಿಂದ ಅನಿತಳು ನಮಗೆ ಅವನು ಅನುಮತಿಸಿದಷ್ಟು ಮಾತ್ರ ಕಾಣಿಸುತ್ತಾಳೆ. ಬಾಗಿಲಿಗೆ ಬಂದ ಹೆಂಗಸಂತೂ ಬಂದು ಹೋದವಳು, ಮತ್ತೆ ತಿರುಗಿ ನೋಡಲಿಲ್ಲ. ಇದು ತಂತ್ರದ ಅಗತ್ಯವೆಂದು ಹೇಳಬಹುದು. ಹೇಡಿಯ ಕಥೆಯನ್ನು ಹೇಡಿಯೇ ಹೇಳಿದರೆ ಧ್ವನಿ ಹೆಚ್ಚು. ಆದರೆ ಕೆಲವೆಡೆಗಳಲ್ಲಿ, ಮುಖ್ಯವಾಗಿ ಮಧುಚಂದ್ರದ ದಿನಗಳನ್ನೂ ಆಮೇಲಿನ ಜಗಳಗಳನ್ನೂ ಹೇಳುವಲ್ಲಿ, ಅವನ ಮಾತಿನ ಮೋಡಿ ಅವನ ತಪ್ಪನ್ನು ಮರೆಸುವಷ್ಟು ಮಧುರವಾಗಿದೆ. ಅಲ್ಲಿ ಇನ್ನೊಂದು ಒರಟು ದನಿ ಬೇಕಾಗಿತ್ತೆಂದು ನಮಗೆ ಅನಿಸಿತು.

ಇದಕ್ಕೆ ಉತ್ತರವೆಂಬಂತೆ ಆ ದಿನದ ಕೂಟದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಯುವತಿಯೊಬ್ಬರು, ನಮ್ಮ ಪ್ರೌಢಶಾಲೆಯಲ್ಲಿಯೇ ಓದಿ ಈಗ ಅಧ್ಯಾಪಕಿಯಾಗಿರುವವರು, ಸಭೆ ಮುಗಿಯುವ ಹೊತ್ತಿಗೆ ಮಾತನಾಡಿದರು. ಕೊನೆಯಲ್ಲಿ ಏನಾಯಿತೆಂದು ಅವರಿಗೆ ಸಂಶಯವೇ ಬರಲಿಲ್ಲವಂತೆ. ಆ ಮನೆಯವರು ಕುಳಿತು ಹರಟೆ ಹೊಡೆಯುವಾಗ ನಗೆ ಯಾವ ಮಾತಿಗೆ ಬಂತೆಂಬುದನ್ನು ಕೇಳಿದ ಯಾವ ಸೊಸೆಗೂ ಬರುವುದಿಲ್ಲವೆಂದರು. ಪುಸ್ತಕದುದ್ದಕ್ಕೂ ತಾವು ಅನಿತ ಕುಳಿತ ಕುರ್ಚಿಯಿಂದಲೇ ಓದಿದ್ದಾಗಿಯೂ ಗಂಡನ ಮಾತುಗಳನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡಂತೆ ಕೇಳಿದ್ದಾಗಿಯೂ ಹೇಳಿದರು. ಪ್ರಾಧ್ಯಾಪಕರು ಅವರನ್ನು ಎರಡು ಪ್ರಶ್ನೆ ಕೇಳಿದರು. ವರ್ತಕರು ಸುಮ್ಮನೆ ತಲೆಯಾಡಿಸಿದರು. ಆ ಓದನ್ನು ಲೇಖನವಾಗಿ ಬರೆದುಕೊಡಬೇಕೆಂದು ಅಧ್ಯಾಪಕಿಯವರನ್ನು ಕೇಳಿದ್ದೇವೆ. ಶಾಲೆಯ ಪರೀಕ್ಷೆಗಳು ಮುಗಿದ ಮೇಲೆ ಬರೆಯುವುದಾಗಿ ಒಪ್ಪಿದ್ದಾರೆ.